ದೇಹದ ಕೀಲುಗಳು ಮತ್ತು ಅವುಗಳ ಚಲನೆ

ನೇಗಿಲು ಹಿಡಿಯಲು, ನಾಟಿ ಹಾಕಲು, ಮೂಟೆ ಎತ್ತಲು ದೇಹವು ಬಾಗಬೇಕು, ತಿರುಗಬೇಕು. ವಯಸ್ಕರ ದೇಹದಲ್ಲಿ ಸಾಮಾನ್ಯವಾಗಿ 206 ಮೂಳೆಗಳಿರುತ್ತವೆ. ಮೂಳೆಗಳು ಒಂದನ್ನೊಂದು ಕೂಡುವ ಸ್ಥಳವೇ ಕೀಲು. ಚಲಿಸುವ ಕೀಲಿನಲ್ಲಿ ಮೂಳೆಯ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇರುವಂತೆ, ಕೀಲಿನೊಳಗಿನ ದ್ರವವು ಸವೆತವನ್ನು ತಗ್ಗಿಸುತ್ತದೆ.

ಕೀಲುಗಳ ಬಗೆಗಳು

1. ಅಚಲ ಕೀಲು: ತಲೆಬುರುಡೆಯ ಮೂಳೆಗಳು ಹೀಗೆ ಬೆಸೆದುಕೊಂಡಿವೆ. ಇವು ಚಲಿಸುವುದಿಲ್ಲ.

2. ಬಿಜಾಗರಿ ಕೀಲು: ಮೊಣಕೈ ಮತ್ತು ಮೊಣಕಾಲುಗಳಲ್ಲಿದೆ. ಬಾಗಿಲಿನಂತೆ ಮುಖ್ಯವಾಗಿ ಒಂದೇ ನೇರದಲ್ಲಿ ಮಡಚುತ್ತದೆ, ಚಾಚುತ್ತದೆ.

3. ತಿರುಗಣೆ ಕೀಲು: ಬೀಸುವ ಕಲ್ಲಿನ ಮೇಲುಕಲ್ಲು ಗೂಟದ ಸುತ್ತ ತಿರುಗುವಂತೆ, ಕತ್ತಿನ ಮೊದಲನೆಯ ಮೂಳೆಯು ಎರಡನೆಯದರ ಗೂಟದ ಸುತ್ತ ತಿರುಗುತ್ತದೆ.

4. ಗುಂಡು-ಗುಳಿ ಕೀಲು: ಭುಜ ಮತ್ತು ಸೊಂಟದಲ್ಲಿದೆ. ಒರಳಿನ ಗುಳಿಯಲ್ಲಿ ಗುಂಡುಕಲ್ಲು ಆಡಿದಂತೆ ಎಲ್ಲ ದಿಕ್ಕಿಗೂ ಆಡುತ್ತದೆ. ಭುಜದ ಗುಳಿ ಆಳವಿಲ್ಲ. ಆದುದರಿಂದ ಕೈ ಸುಲಭವಾಗಿ ಬೀಸುತ್ತದೆ, ಆದರೆ ಕೀಲು ತಪ್ಪುವ ಸಂಭವವೂ ಹೆಚ್ಚು. ಸೊಂಟದ ಗುಳಿ ಆಳವಾಗಿದ್ದು ಮೈಭಾರ ಹೊರಲು ತಕ್ಕುದಾಗಿದೆ.

5. ಜಾರು ಕೀಲು: ಮಣಿಕಟ್ಟಿನ 8 ಸಣ್ಣ ಮೂಳೆಗಳ ನಡುವೆ ಇದ್ದು, ಅವು ಒಂದರ ಮೇಲೊಂದು ಸ್ವಲ್ಪ ಜಾರುತ್ತವೆ.

ಕೆಲಸದಲ್ಲಿ ಎಚ್ಚರಿಕೆ

ಮೊಣಕಾಲು ಮಡಚಲು ಆದುದು, ತಿರುಚಲು ಅಲ್ಲ. ಮೂಟೆ ಹೊತ್ತು ತಿರುಗುವಾಗ ಪಾದಗಳನ್ನು ಎತ್ತಿಟ್ಟು ಇಡೀ ಮೈಯನ್ನು ತಿರುಗಿಸಬೇಕು. ಭಾರ ಎತ್ತುವಾಗ ಬೆನ್ನು ಬಗ್ಗಿಸದೆ, ಸೊಂಟ ಮತ್ತು ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಹಿಡಿಯಬೇಕು. ಕಳೆ ತೆಗೆಯಲು ಉದ್ದ ಹಿಡಿಯ ಸಾಧನ ಬಳಸಿದರೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುವುದು ತಪ್ಪುತ್ತದೆ.

ಹಂದಿಗೋಡಿನ ಪಾಠ

ಆದರೆ ಎಲ್ಲ ಕೀಲುನೋವೂ ದುಡಿಮೆಯಿಂದ ಬಂದುದಲ್ಲ. 1970ರ ದಶಕದ ಮಧ್ಯದಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ ಮತ್ತು ಮೊಣಕಾಲಿನ ಕೀಲುಗಳನ್ನು ಕೆಡಿಸುವ ರೋಗ ಬೆಳಕಿಗೆ ಬಂದಿತು. ಬಾಧಿತರಲ್ಲಿ ಕೆಲವರಿಗೆ ನೆಟ್ಟಗೆ ನಿಲ್ಲುವುದೂ ಆಗದಾಯಿತು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದುದೇ ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. ಇದು ವಂಶಪಾರಂಪರ್ಯವಾಗಿ ಬರುವ ಮೂಳೆ-ಕೀಲುಗಳ ದೋಷವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಆದುದರಿಂದ ಬಾಧಿತ ಕುಟುಂಬಗಳನ್ನು ದೂರವಿಡಲು ಕಾರಣವೇ ಇಲ್ಲ.

ಮಕ್ಕಳು ಅಥವಾ ಯುವಕರು ಕುಂಟತೊಡಗಿದರೆ, ಕೀಲು ಊದಿದರೆ ಅಥವಾ ನೋವು ವಾರಗಟ್ಟಲೆ ಉಳಿದರೆ, ಅದನ್ನು ಗದ್ದೆ ಕೆಲಸದ ಆಯಾಸವೆಂದು ತಳ್ಳಿಹಾಕದೆ ಕೂಡಲೇ ವೈದ್ಯರಿಗೆ ತೋರಿಸಬೇಕು.