ಹಳೆಯ ದೋಣಿಮನೆಯ ತಂಪಿಗೆ ಯಾವ ಗ್ಯಾಸು?

ನೀಲೇಶ್ವರದ ಕೋಟಪ್ಪುರಂ ಕಡವಿನಲ್ಲಿ ನಿಂತರೆ ಸಾಲಾಗಿ ಕಟ್ಟಿದ ದೋಣಿಮನೆಗಳು ಕಾಣಸಿಗುತ್ತವೆ. ಕವ್ವಾಯಿ ಹಿನ್ನೀರಿನಲ್ಲಿ ವಲಿಯಪರಂಬದ ತೆಂಗುಗಳ ಮಗ್ಗುಲಿಗೆ ಸಾಗುವ ಇವುಗಳ ಮಲಗುವ ಕೋಣೆಗಳಲ್ಲಿ ಎ.ಸಿ. ಯಂತ್ರಗಳೂ ಉಂಟು. ಕಳೆದ ಬೇಸಗೆ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಐ.ಟಿ.ಐ. ಕಲಿತು ಫ್ರಿಜ್ಜು, ಎ.ಸಿ. ದುರಸ್ತಿಯಿಂದ ಸಂಸಾರ ನಡೆಸುವವನು. ಒಂದು ಹಳೆಯ ದೋಣಿಮನೆಯ ಎರಡು ಯಂತ್ರಗಳು ತಂಪು ಕೊಡುತ್ತಿಲ್ಲ. ಎರಡೂ ಆರ್-22 ಗ್ಯಾಸಿನವು. "ಪ್ರೊಪೇನ್ ತುಂಬಿಸಿಬಿಡು, ಅಗ್ಗವಾಗುತ್ತದೆ" ಎಂದು ದೋಣಿಯ ಯಜಮಾನರ ಒತ್ತಾಯ. ತುಂಬಿಸಲು ಇವನಿಗೆ ಧೈರ್ಯವಿಲ್ಲ, ಒಲ್ಲೆನೆಂದರೆ ಕೆಲಸ ಕೈತಪ್ಪುತ್ತದೆ. "ಏನು ಮಾಡಲಿ, ಮಾಷ್ಟ್ರೇ?" ಎಂದು ಕೇಳಿದ. ಆ ದಿನ ನಾವಿಬ್ಬರೂ ಕುಳಿತು ವಿಚಾರ ಮಾಡಿದ ಸಂಗತಿಗಳು ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಆರ್-22 ಏಕೆ ಮರೆಯಾಗುತ್ತಿದೆ?

ಈ ಗ್ಯಾಸಿನಲ್ಲಿ ಕ್ಲೋರಿನ್ ಇದೆ. ಇಂಥ ಅನಿಲಗಳ ಕ್ಲೋರಿನ್ ಮೇಲಿನ ವಾಯುಮಂಡಲವನ್ನು ಸೇರಿ ಓಜೋನ್ ಪದರವನ್ನು ಕೆಡಿಸುತ್ತದೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅಮೆರಿಕದಲ್ಲಿ 2020ರಿಂದ ಹೊಸ ಆರ್-22ರ ತಯಾರಿಕೆಯೂ ಆಮದೂ ನಿಂತಿವೆ. ನಮ್ಮಂಥ ದೇಶಗಳಿಗೆ 2030ರ ಗಡುವು; ಆ ಮೇಲೆ 2040ರ ತನಕ ದುರಸ್ತಿಗೆಂದು ಅತ್ಯಲ್ಪ ಪಾಲು ಮಾತ್ರ. ಆದುದರಿಂದ ಹಳೆಯ ಯಂತ್ರವುಳ್ಳವರು ಇಂದಲ್ಲ ನಾಳೆ ಈ ಪ್ರಶ್ನೆಯನ್ನು ಎದುರಿಸಲೇಬೇಕು.

ಗ್ಯಾಸು ತೀರುವುದಿಲ್ಲ, ಸೋರುತ್ತದೆ

ಎ.ಸಿ.ಯ ಗ್ಯಾಸು ಒಲೆಯ ಗ್ಯಾಸಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ತೂತು ಇದೆಯೆಂದೇ ಅರ್ಥ. ಉಪ್ಪುಗಾಳಿಗೆ ಹೊರಗಿನ ಘಟಕದ ಕೊಳವೆ, ರೆಕ್ಕೆಗಳು ಬೇಗ ಸವೆಯುತ್ತವೆ. ಒಣ ನೈಟ್ರೋಜನ್ನಿನ ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿ ತೂತು ಹುಡುಕದೆ ಯಾವ ಗ್ಯಾಸು ತುಂಬಿಸಿದರೂ ಅದು ಹೊಳೆಯಲ್ಲಿ ಹುಣಿಸೆ ತೊಳೆದಂತೆ. ಇನ್ನು ಸಮುದ್ರದ ನೀರನ್ನೇ ಪಂಪು ಮಾಡಿ ತಂಪುಗೊಳಿಸುವ ವಿಹಾರನೌಕೆಗಳ ಯಂತ್ರಗಳಲ್ಲಿ ಅನೇಕ ಸಲ ಗ್ಯಾಸಿನ ದೋಷವೇ ಇರುವುದಿಲ್ಲ. ನೀರಿನ ಜಾಲರಿಯಲ್ಲಿ ಪಾಚಿ, ಚಿಪ್ಪು ಕಟ್ಟಿಕೊಂಡಿರುತ್ತದೆ. ನೌಕೆಗಳಲ್ಲಿ ದುಡಿಯುವ ನಮ್ಮ ಕಡೆಯ ಯುವಕರು ಮೊದಲು ಅದನ್ನು ನೋಡುವುದು ಲೇಸು.

ಬದಲಿ ಯಾವುವು?

ಯಂತ್ರ ಗಟ್ಟಿಯಾಗಿದ್ದು ಸೋರಿಕೆ ಮುಚ್ಚಿದ್ದರೆ, ಸಿಗುವಷ್ಟು ಕಾಲ ಆರ್-22ನ್ನೇ ತುಂಬಿಸುವುದು ಸುಲಭ. ಸಿಗದಿದ್ದಾಗ ಗುಣದಲ್ಲಿ ಅದಕ್ಕೆ ಹತ್ತಿರವಾದುದು ಆರ್-407ಸಿ. ಆದರೆ ಹಳೆಯ ಕಂಪ್ರೆಸರಿನ ಖನಿಜ ಎಣ್ಣೆಯೊಡನೆ ಇದು ಬೆರೆಯದು. ಆ ಎಣ್ಣೆ ತೆಗೆದು ಎಸ್ಟರ್ ಎಣ್ಣೆ ಹಾಕಬೇಕು. ತೇವ ಹೀರುವ ಫಿಲ್ಟರನ್ನೂ ಬದಲಿಸಬೇಕು. ಆರ್-438ಎ, ಆರ್-422ಡಿ, ಆರ್-417ಎ ಎಂಬ ಮಿಶ್ರಣಗಳೂ ಉಂಟು. ಇವುಗಳಲ್ಲಿರುವ ಬ್ಯೂಟೇನಿನಂಥ ವಸ್ತುವಿನ ಸಣ್ಣ ಪಾಲು ಹಳೆಯ ಎಣ್ಣೆ ಕಂಪ್ರೆಸರಿಗೆ ಮರಳಲು ನೆರವಾಗುತ್ತದೆ. ಮಿಶ್ರಣವಾಗಿ ಅವು ಬೆಂಕಿ ಹಿಡಿಯುವಂಥವಲ್ಲ. ತಂಪು ಮಾತ್ರ ಸ್ವಲ್ಪ ಕಡಿಮೆಯಾಗಬಹುದು.

ಇವುಗಳಲ್ಲಿ ಯಾವುದನ್ನೂ ಉಳಿದ ಆರ್-22ರ ಮೇಲೆ ಸುರಿಯಕೂಡದು. ಹಳೆಯದನ್ನು ಸಿಲಿಂಡರಿಗೆ ಹಿಂತೆಗೆದು, ಕೊಳವೆಯನ್ನು ನಿರ್ವಾತ ಮಾಡಿ, ಹೊಸದನ್ನು ಸಿಲಿಂಡರಿನಿಂದ ದ್ರವರೂಪದಲ್ಲೇ ತೂಗಿ ತುಂಬಬೇಕು. ಅನಿಲರೂಪದಲ್ಲಿ ತೆಗೆದರೆ ಮಿಶ್ರಣದ ಪ್ರಮಾಣ ಕೆಡುತ್ತದೆ.

ಹೊಸ ಯಂತ್ರಗಳಲ್ಲಿರುವ ಆರ್-410ಎ, ಆರ್-32 ಇಲ್ಲಿ ಸಲ್ಲವು. 25 ಡಿಗ್ರಿ ಉಷ್ಣತೆಯಲ್ಲಿ ಆರ್-22ರ ಒತ್ತಡ ವಾಯುಮಂಡಲದ ಸುಮಾರು 10 ಪಟ್ಟು; ಆರ್-410ಎಯದು ಸುಮಾರು 16 ಪಟ್ಟು. ಹಳೆಯ ಕೊಳವೆ ಅದನ್ನು ತಾಳಲಾರದು.

ಅಗ್ಗದ ಅಪಾಯ

ಪ್ರೊಪೇನ್, ಅಂದರೆ ಆರ್-290, ಕೆಟ್ಟ ಶೀತಕವೇನೂ ಅಲ್ಲ. ಅದಕ್ಕೆಂದೇ ರಚಿಸಿದ ಯಂತ್ರಗಳು ನಮ್ಮ ದೇಶದಲ್ಲಿಯೇ ತಯಾರಾಗುತ್ತವೆ. ಓಜೋನಿಗೂ ಅದರಿಂದ ಕೇಡಿಲ್ಲ. ಆದರೆ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 38 ಗ್ರಾಂ ಬೆರೆತರೆ ಸಾಕು, ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೆ. 300 ಗ್ರಾಂ ಸೋರಿದರೆ ಸುಮಾರು 8 ಘನಮೀಟರ್ ಗಾಳಿ, ಅಂದರೆ ಒಂದು ಚಿಕ್ಕ ಕೋಣೆಯ ಹತ್ತಿರ ಹತ್ತಿರ ಅರ್ಧ, ಸಿಡಿಮದ್ದಾದಂತೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಮನೆಯಲ್ಲಾದರೆ ಹೊಸ್ತಿಲು ದಾಟಿ ಹೊರಗೆ ಹೋದೀತು. ದೋಣಿಯ ತಳವೋ ಬಟ್ಟಲಿನಂತೆ, ಇಳಿದದ್ದು ಅಲ್ಲೇ ನಿಲ್ಲುತ್ತದೆ. ಬ್ಯಾಟರಿ, ಪಂಪು, ಸ್ವಿಚ್ಚುಗಳಿರುವುದೂ ಅಲ್ಲೇ. ಅಡಿಗೆ ಗ್ಯಾಸಿಗೆ ಸೇರಿಸುವ ವಾಸನೆ ಶೀತಕದ ಪ್ರೊಪೇನಿನಲ್ಲಿ ಇಲ್ಲವಾದ್ದರಿಂದ, ಮಲಗಿದವರಿಗೆ ಸುಳಿವೇ ಸಿಗದು.

ಮರುದಿನ ನಾವೂ ಅವನ ಜತೆ ಕಡವಿಗೆ ಹೋದೆವು. ಒಂದು ಯಂತ್ರದ ಜೋಡಣೆಯಲ್ಲಿ ನೊರೆ ಗುಳ್ಳೆ ಎದ್ದಿತು. ಅದನ್ನು ಸರಿಪಡಿಸಿ ಆರ್-22ನ್ನೇ ತುಂಬಿಸಿದ. ಮತ್ತೊಂದರ ಹೊರಗಿನ ಸುರುಳಿ ಉಪ್ಪಿಗೆ ಜರಡಿಯಾಗಿತ್ತು. ಅದರಲ್ಲಿ ಯಾವ ಗ್ಯಾಸೂ ನಿಲ್ಲದು, ಬಿಚ್ಚಿ ತೆಗೆಯುವುದೇ ದಾರಿ ಎಂದ. ಯಜಮಾನರು ಖರ್ಚಿನ ಲೆಕ್ಕ ಹಾಕಿ ಗೊಣಗಿದರು. "ಆ ಕೋಣೆಯಲ್ಲಿ ಮಲಗುವವರು ನಿಮ್ಮ ಮೊಮ್ಮಕ್ಕಳೆಂದೇ ತಿಳಿಯಿರಿ" ಎಂದು ನಾವು ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಸ ಯಂತ್ರ ಬರುವ ತನಕ ಅಲ್ಲಿಗೆ ಫ್ಯಾನು ಸಾಕೆಂದರು.

ಹುಡುಗ ಹೊರಡುವ ಮುನ್ನ ಸರಿಪಡಿಸಿದ ಯಂತ್ರಕ್ಕೆ ಒಂದು ಚೀಟಿ ಅಂಟಿಸಿದ. ತುಂಬಿದ ಗ್ಯಾಸು ಯಾವುದು, ಎಷ್ಟು ಗ್ರಾಂ, ಯಾವ ತಾರೀಕು ಎಂಬುದು ಅದರಲ್ಲಿತ್ತು. ನಾಳೆ ಅದನ್ನು ಬಿಚ್ಚುವ ಇನ್ನೊಬ್ಬನ ಜೀವಕ್ಕೆ ಆ ಚೀಟಿಯೇ ರಕ್ಷೆ. ನಿಮ್ಮಲ್ಲಿಯೂ ಹಳೆಯ ಯಂತ್ರಕ್ಕೆ ಗ್ಯಾಸು ತುಂಬಿಸಿದರೆ, ಆ ಮೂರು ವಿವರ ಬರೆಸದೆ ಹಣ ಕೊಡಬೇಡಿ.