ಮನೆಗೆ ವೈರ್ ಇರುವ ಹವಾಮಾನ ಕೇಂದ್ರ: ಕೊಳ್ಳೋ ಮುಂಚೆ ಏನು ನೋಡ್ಬೇಕು?

ನಮ್ಮ ವನಗೂರು ಕಡೆ ಕಾಫಿ ಬೆಳೆಗಾರರು ಮಳೆ ಲೆಕ್ಕ ಹಾಕೋದು ಸೆಂಟ್‌ನಲ್ಲಿ. 100 ಸೆಂಟ್ ಅಂದ್ರೆ 1 ಇಂಚು, ಅಂದ್ರೆ 25.4 ಮಿ.ಮೀ. ಹೂಮಳೆ ಒಂದಿಂಚು ಬಂತಾ, ಅರ್ಧಕ್ಕೇ ನಿಂತಿತಾ ಅನ್ನೋದರ ಮೇಲೆ ಸ್ಪ್ರಿಂಕ್ಲರ್ ಹಾಕೋ ತೀರ್ಮಾನ. ಮಳೆ ಸಾಲದಿದ್ರೆ ಮೊಗ್ಗು ಸರಿಯಾಗಿ ಅರಳಲ್ಲ, ಇಳುವರಿ ಬೀಳುತ್ತೆ. ಗುಡ್ಡದ ಆಚೆ ಸುರಿದ ಮಳೆ ಈಚೆ ಇರೋದಿಲ್ಲ. ಮೊಬೈಲ್‌ನಲ್ಲಿ ಕಾಣೋ ಪಂಚಾಯ್ತಿ ಮಟ್ಟದ ಅಂಕಿ ನಿಮ್ಮ ತೋಟದ್ದಲ್ಲ.

ವೈರ್ ಯಾಕೆ? ದಪ್ಪ ಗೋಡೆ, ಮರಗಳ ನಡುವೆ ವೈರ್‌ಲೆಸ್ ಸಿಗ್ನಲ್ ಸೋಲುತ್ತೆ. ಮಳೆಗಾಲದಲ್ಲಿ ಸೋಲಾರ್ ಚಾರ್ಜ್ ಕೂಡ ಕಷ್ಟ.

ನಾನು ನೋಡೋದು ಇಷ್ಟು:

1. ಮಳೆಮಾಪಕ: ಒಳಗಿನ ಪುಟ್ಟ ಬಕೆಟ್ ಒಂದು ಸಲ ಮಗುಚಿದ್ರೆ 0.2 ಅಥವಾ 0.25 ಮಿ.ಮೀ. ತೋರಿಸಬೇಕು. 0.25 ಅಂದ್ರೆ ಸುಮಾರು 1 ಸೆಂಟ್.

2. ಕೇಬಲ್: ಮೊದಲು ದೂರ ಅಳೆಯಿರಿ. ಮನೆ, ಮರದ ಎತ್ತರದ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. 15 ಅಡಿ ಮನೆಗೆ 30 ಅಡಿ. ಇಲಿ ಕಡಿಯದ ಹಾಗೆ ಪೈಪ್‌ನಲ್ಲಿ ಎಳೆಯಿರಿ.

3. ಬ್ಯಾಟರಿ: ಕರೆಂಟ್ ಹೋದ್ರೂ ಲೆಕ್ಕ ಉಳಿಯಬೇಕು.

ವೈರ್‌ಗೆ ದೊಡ್ಡ ಶತ್ರು ಸಿಡಿಲು. ಮೋಡ ಕಟ್ಟಿದಾಗಲೇ ಕೇಬಲ್ ಕಳಚಿಡಿ, ಗುಡುಗು ಶುರುವಾದ್ಮೇಲೆ ಮುಟ್ಟಲೇಬೇಡಿ. ಆದ್ರೆ ಹೂಮಳೆ ಬರೋದೂ ಗುಡುಗಿನ ಜೊತೆಗೇ! ಕಳಚಿಟ್ಟರೆ ಬೇಕಾದ ಲೆಕ್ಕವೇ ತಪ್ಪುತ್ತೆ. ಹಾಗಾಗಿ ಪಕ್ಕದಲ್ಲೇ ಒಂದು ಸಾದಾ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ 8.30ಕ್ಕೆ ಬರೆದಿಡಿ. ಎರಡೂ ಅಂಕಿ ತಾಳೆ ಆಗ್ತಿದ್ರೆ ಯಂತ್ರ ಸರಿಯಾಗಿದೆ ಅಂತ ಲೆಕ್ಕ. ಇಲ್ಲದಿದ್ರೆ ಬಕೆಟ್‌ನಲ್ಲಿ ಎಲೆ, ಕಸ ಸೇರಿದೆಯಾ ನೋಡಿ.