ದೂರದ ಹಾದಿಗೆ ಹಿತವಾದ ಬೈಕ್

ಜಗಳೂರಿನ ಬಯಲುಸೀಮೆಯಿಂದ ಚನ್ನಗಿರಿಯ ಸೂಳೆಕೆರೆ, ಹೊನ್ನಾಳಿಯ ತುಂಗಭದ್ರಾ ತೀರಗಳನ್ನು ಹಾದು ನ್ಯಾಮತಿಯ ಕಡೆಗೆ ದಿನವಿಡೀ ಬೈಕಿನಲ್ಲಿ ಸಾಗುವವರಿಗೆ ಎಂಜಿನ್ನಿನ ವೇಗಕ್ಕಿಂತ ಕೂರುವ ಭಂಗಿಯೇ ಮುಖ್ಯವಾಗುತ್ತದೆ. ಹ್ಯಾಂಡಲ್, ಸೀಟು, ಫುಟ್‌ರೆಸ್ಟ್‌ಗಳ ನಡುವಿನ ತ್ರಿಕೋನ ಇದನ್ನು ನಿರ್ಧರಿಸುತ್ತದೆ: ಹ್ಯಾಂಡಲ್ ತಗ್ಗಾಗಿದ್ದರೆ ದೇಹದ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ, ಫುಟ್‌ರೆಸ್ಟ್ ತೀರ ಮುಂದಿದ್ದರೆ ಕಾಲುಗಳು ಭಾರ ಹೊರಲಾರದೆ, ಗುಂಡಿಯ ಪೆಟ್ಟು ನೇರವಾಗಿ ಬೆನ್ನುಮೂಳೆಗೆ ತಟ್ಟುತ್ತದೆ. ಶೋರೂಮಿನಲ್ಲಿ ಮೆತ್ತಗೆನಿಸುವ ಫೋಮ್ ದೂರ ಸಾಗಿದಂತೆ ಕುಸಿದು ನೋವು ತರಬಹುದಾದ್ದರಿಂದ, ಅಗಲವಾದ, ತುಸು ಗಟ್ಟಿಯಾದ ಸೀಟೇ ಲೇಸು.

ಸಸ್ಪೆನ್ಶನ್ ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಚಲಿಸಬಲ್ಲ ಅಂತರ, ಹೆಚ್ಚಿದ್ದರೆ ಹದಗೆಟ್ಟ ರಸ್ತೆಯ ಕುಲುಕಾಟ ತಗ್ಗುತ್ತದೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನ ಮುಂಚಕ್ರಕ್ಕೆ ಇದು 200 ಮಿ.ಮೀ. ಇತ್ತು. ಆದರೆ ಟ್ರಾವೆಲ್ ಹೆಚ್ಚಿದಂತೆ ಸಾಮಾನ್ಯವಾಗಿ ಸೀಟೂ ಎತ್ತರವಾಗುವುದರಿಂದ, ನಿಂತಾಗ ಪಾದ ನೆಲಕ್ಕೆ ಭದ್ರವಾಗಿ ಊರದಿದ್ದರೆ ಆ ಸೌಕರ್ಯ ವ್ಯರ್ಥ; ಆದ್ದರಿಂದ ಹಿಂಬದಿ ಸವಾರರನ್ನೂ ಕೂರಿಸಿಕೊಂಡು ಓಡಿಸಿ ನೋಡಿಯೇ ಕೊಳ್ಳಬೇಕು.